ಡ್ರಮ್ಮಿನ ದುಂಡು ತಪ್ಪುವುದೇಕೆ?

ಶಾಲೆಯ ಬ್ಯಾಂಡಿನ ಡ್ರಮ್ಮನ್ನು ನೀವೆಲ್ಲ ನೋಡಿದ್ದೀರಿ. ಅದರ ಒಡಲು ಈಗ ಬಹುಪಾಲು ಲೋಹದ್ದು ಇಲ್ಲವೇ ಪ್ಲೈವುಡ್ಡಿನದು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ (1861–65) ಕಾಲ್ದಳದ ಜೊತೆ ಸಾಗುತ್ತಿದ್ದ ಡ್ರಮ್ಮು ಬೇರೆ ಬಗೆಯದು. ಮೇಪಲ್ ಅಥವಾ ಆಷ್ ಮರದ ಒಂದೇ ತೆಳು ಹಲಗೆ, ದಪ್ಪ ಕೆಲವೇ ಮಿಲಿಮೀಟರ್. ಅದನ್ನು ಬಿಸಿನೀರು ಇಲ್ಲವೇ ಹಬೆಯಿಂದ ಮೆತ್ತಗೆ ಮಾಡಿ, ಉರುಳೆಗೆ ಸುತ್ತಿ, ಓರೆಯಾಗಿ ಸವೆಸಿದ ಎರಡು ತುದಿಗಳನ್ನು ಒಂದರ ಮೇಲೊಂದು ಕೂರಿಸಿ ಅಂಟಿಸುತ್ತಿದ್ದರು. ಅಂಟು ಎಂದರೆ ಪ್ರಾಣಿಗಳ ಚರ್ಮ, ಮೂಳೆಗಳನ್ನು ಬೇಯಿಸಿ ತೆಗೆದ ಸರೇಸು. ಅದು ಬಿಟ್ಟುಕೊಂಡರೂ ಹಲಗೆ ಬಿಚ್ಚದಿರಲೆಂದು ಜೋಡಣೆಯ ಉದ್ದಕ್ಕೂ ಹಿತ್ತಾಳೆಯ ಮೊಳೆಗಳನ್ನು ಹೊಡೆಯುತ್ತಿದ್ದರು. ಒಡಲಿನ ಒಳಗೆ ಮೇಲೂ ಕೆಳಗೂ ಒಂದೊಂದು ಮರದ ಬಳೆ ಅಂಟಿರುತ್ತಿತ್ತು. ಎರಡೂ ಬಾಯಿಗೆ ಚರ್ಮ, ಬಿಗಿಯಲು ಹಗ್ಗ. ಒಡಲಿನಲ್ಲಿ ಗಾಳಿಗೆಂದು ಒಂದು ಸಣ್ಣ ರಂಧ್ರ. ಆ ರಂಧ್ರದಿಂದ ಇಣುಕಿದರೆ ಎದುರಿನ ಗೋಡೆಯಲ್ಲಿ ತಯಾರಕನ ಹೆಸರಿನ ಚೀಟಿ ಕಾಣುವುದುಂಟು.

ಇಂಥ ಡ್ರಮ್ಮುಗಳು ಸಾಕಷ್ಟು ಉಳಿದಿವೆ, ಮ್ಯೂಸಿಯಮ್ಮುಗಳಲ್ಲಿ, ಮನೆಗಳ ಅಟ್ಟಗಳಲ್ಲಿ. ಆದರೆ ದುಂಡಗೆ ಉಳಿದವು ಕಡಿಮೆ. ಬಾಯಿಗೆ ಅಡ್ಡಲಾಗಿ ಅಳೆದರೆ ಒಂದು ವ್ಯಾಸ 40.2 ಸೆಂ.ಮೀ., ಅದಕ್ಕೆ ಲಂಬವಾದ ಇನ್ನೊಂದು 39.8 ಸೆಂ.ಮೀ. ಎಂದು ಬರಬಹುದು. ಗಾಜಿನ ಮೇಲೆ ಬೋರಲು ಹಾಕಿ ಒಳಗೊಂದು ದೀಪವಿಟ್ಟರೆ ಅಂಚಿನ ಕೆಳಗೆ ಅಲ್ಲಲ್ಲಿ ಬೆಳಕು ಸೋರುತ್ತದೆ. ಒಡಲು ಅಂಡಾಕಾರವಾಗಿದೆ, ಅಂಚು ಸಮತಲ ಬಿಟ್ಟಿದೆ.

ಇದನ್ನು ಸರಿಪಡಿಸಬೇಕೆಂದವನ ಮುಂದೆ ಮೂರು ದಾರಿಗಳಿವೆ. ಅಮುಕಿ ದುಂಡಗೆ ಮಾಡುವುದು ಒಂದು. ಉಬ್ಬಿದ ಕಡೆ ಉಪ್ಪುಕಾಗದ ಉಜ್ಜಿ ಸವೆಸುವುದು ಇನ್ನೊಂದು. ಮೂರನೆಯದು ಮರ ಯಾವ ದಾರಿಯಲ್ಲಿ ಸೊಟ್ಟಗಾಯಿತೋ ಅದೇ ದಾರಿಯಲ್ಲಿ ಅದನ್ನು ಹಿಂದಕ್ಕೆ ಕರೆತರುವುದು. ಮೊದಲನೆಯದರಲ್ಲಿ ಒಡಲು ಸೀಳುತ್ತದೆ. ಎರಡನೆಯದರಲ್ಲಿ ಹೋದ ಮರ ಮತ್ತೆ ಬರುವುದಿಲ್ಲ. ಮೂರನೆಯದಕ್ಕೆ ಆ ದಾರಿ ಯಾವುದೆಂದು ತಿಳಿದಿರಬೇಕು. ಬಡಗಿಗಳ ಕೈಗೆ ಅದು ಶತಮಾನಗಳಿಂದ ಗೊತ್ತಿತ್ತು. ಭೌತಶಾಸ್ತ್ರಕ್ಕೆ ಗೊತ್ತಾಗಲು 1960ರವರೆಗೆ ಕಾಯಬೇಕಾಯಿತು.

ದುಂಡು ತಪ್ಪಿದರೆ ನಷ್ಟವೇನು?

ಮೊದಲು ಇದನ್ನು ಕೇಳಿಕೊಳ್ಳೋಣ. ನಾಲ್ಕು ಮಿಲಿಮೀಟರ್ ವ್ಯತ್ಯಾಸ ಕಿವಿಗೆ ತಿಳಿಯುತ್ತದೆಯೆ?

ಅಂಡಾಕಾರದ ಪೊರೆ ಹೇಗೆ ಕಂಪಿಸುತ್ತದೆ ಎಂಬ ಗಣಿತವನ್ನು ಫ್ರಾನ್ಸಿನ ಎಮಿಲ್ ಮ್ಯಾಥ್ಯೂ 1868ರಲ್ಲಿ ಬಿಡಿಸಿದ. ಗಣಿತದ ಎಂ.ಎಸ್‌ಸಿ. ವಿದ್ಯಾರ್ಥಿಗಳು ಇಂದು ಕಲಿಯುವ ಮ್ಯಾಥ್ಯೂ ಫಲನಗಳು ಹುಟ್ಟಿದ್ದು ಈ ಸೊಟ್ಟ ಡ್ರಮ್ಮಿನಿಂದಲೇ! ನಮಗೆ ಅಷ್ಟು ದೂರ ಹೋಗಬೇಕಿಲ್ಲ. ದುಂಡನೆಯ ಪೊರೆಯ ಒಂದು ಕಂಪನವನ್ನು ನೆನೆಯಿರಿ. ಒಂದು ವ್ಯಾಸದ ಗೆರೆ ನಿಶ್ಚಲ. ಅದರ ಒಂದು ಬದಿ ಏರಿದಾಗ ಇನ್ನೊಂದು ಬದಿ ಇಳಿಯುತ್ತದೆ. ಆ ನಿಶ್ಚಲ ಗೆರೆ ಉತ್ತರ–ದಕ್ಷಿಣವಾಗಿರಲಿ, ಪೂರ್ವ–ಪಶ್ಚಿಮವಾಗಿರಲಿ, ವೃತ್ತದಲ್ಲಿ ಆವೃತ್ತಿ ಒಂದೇ. ಅಂಡಾಕಾರದಲ್ಲಿ ಹಾಗಲ್ಲ, ಆವೃತ್ತಿ ಎರಡಾಗಿ ಒಡೆಯುತ್ತದೆ. ಸರಾಸರಿ ತ್ರಿಜ್ಯಕ್ಕಿಂತ ಒಂದು ಅಕ್ಷ ಶೇ. 0.5 ಹೆಚ್ಚು, ಇನ್ನೊಂದು ಶೇ. 0.5 ಕಡಿಮೆ ಇದ್ದರೆ ಆವೃತ್ತಿಗಳ ನಡುವಿನ ಅಂತರವೂ ಸುಮಾರು ಶೇ. 0.5. ಮೇಲಿನ ಡ್ರಮ್ಮಿನ ಲೆಕ್ಕ ಸರಿಯಾಗಿ ಇದೇ. ಈ ಕಂಪನದ ಆವೃತ್ತಿ 300 ಹರ್ಟ್ಸ್ ಎಂದುಕೊಂಡರೆ ಎರಡು ನಾದಗಳು 1.5 ಹರ್ಟ್ಸ್ ದೂರದಲ್ಲಿರುತ್ತವೆ. ಎರಡೂ ಕೂಡಿದಾಗ ಧ್ವನಿ ಸೆಕೆಂಡಿಗೆ ಒಂದೂವರೆ ಬಾರಿ ಏರಿ ಇಳಿಯುತ್ತದೆ. ಶ್ರುತಿಕವೆಯ ಪ್ರಯೋಗದಲ್ಲಿ ನೀವು ಕೇಳಿಸುವ ವಿಸ್ಪಂದ ಇದೇ. ಮೂಲ ಕಂಪನದ ಆವೃತ್ತಿ ಮಾತ್ರ ಇಷ್ಟು ಸಣ್ಣ ವಿಕಾರಕ್ಕೆ ಹೆಚ್ಚುಕಡಿಮೆ ಬದಲಾಗುವುದಿಲ್ಲ.

ಸೈನ್ಯದ ಡ್ರಮ್ಮಿನ ಗಡಸು ಸದ್ದಿನಲ್ಲಿ ಇದು ಮುಚ್ಚಿಹೋಗುತ್ತದೆ. ಶ್ರುತಿಗೆ ಕೂರಿಸುವ ವಾದ್ಯದಲ್ಲಿ ಮುಚ್ಚಿಹೋಗುವುದಿಲ್ಲ. ಸಿ.ವಿ. ರಾಮನ್ 1920ರಲ್ಲಿ ಶಿವಕಾಳಿ ಕುಮಾರ್ ಜೊತೆಗೂಡಿ 'ನೇಚರ್' ಪತ್ರಿಕೆಯಲ್ಲೂ, ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲೂ ಮೃದಂಗ, ತಬಲಾಗಳ ಬಗ್ಗೆ ಬರೆದರು. ನಡುವಿನ ಕರಣೆಯ ಭಾರದಿಂದಾಗಿ ಪೊರೆಯ ಒಂಬತ್ತು ಕಂಪನ ವಿಧಗಳು ಐದು ಸಂಗತ ಸ್ವರಗಳಾಗಿ ಗುಂಪುಗೂಡುತ್ತವೆ ಎಂದು ತೋರಿಸಿದರು. ಆ ಗುಂಪುಗೂಡುವಿಕೆಗೆ ಸುತ್ತಲಿನ ಸಮತೆ ಬೇಕು. ಮೃದಂಗದವರು ಅಂಚನ್ನು ಸುತ್ತಲೂ ತಟ್ಟಿ ತಟ್ಟಿ ಎಲ್ಲ ಕಡೆ ಒಂದೇ ಸ್ವರ ಬರಿಸುವುದು ಇದಕ್ಕಾಗಿಯೇ. ಒಡಲಿನ ಅಲ್ಪಸ್ವಲ್ಪ ಸೊಟ್ಟನ್ನು ಚರ್ಮದ ಬಿಗಿಯ ಹೊಂದಾಣಿಕೆಯಿಂದ ಸರಿದೂಗಿಸಬಹುದು.

ಚರ್ಮದ ಇನ್ನೊಂದು ಗುಣವೂ ಇಲ್ಲಿ ಮುಖ್ಯ. ಅದನ್ನು ಒದ್ದೆಯಾಗಿದ್ದಾಗ ಬಳೆಗೆ ಸುತ್ತಿ ಬಾಯಿಗೆ ಕೂರಿಸುತ್ತಾರೆ. ಒಣಗುವಾಗ ಅದು ಒಡಲಿನ ಆಕಾರವನ್ನೇ ತಳೆಯುತ್ತದೆ. ಒಡಲು ತುಸು ಅಂಡಾಕಾರವಾಗಿದ್ದರೆ ಚರ್ಮವೂ ಹಾಗೆಯೇ ಕೂರುತ್ತದೆ, ತಕರಾರಿಲ್ಲ. 1950ರ ದಶಕದ ಕೊನೆಯಲ್ಲಿ ಪಾಲಿಯೆಸ್ಟರ್ ಹಾಳೆಯ ಪೊರೆಗಳು ಮಾರುಕಟ್ಟೆಗೆ ಬಂದವು. ಅಮೆರಿಕದ ರೆಮೊ ಕಂಪನಿ 1957ರಲ್ಲಿ ಶುರುವಾದದ್ದು ಇವುಗಳಿಗಾಗಿಯೇ. ಈ ಹಾಳೆ ಗಟ್ಟಿ ಲೋಹದ ಬಳೆಗೆ ಕಚ್ಚಿಕೊಂಡು ಬರುತ್ತದೆ, ಆ ಬಳೆ ಕರಾರುವಾಕ್ಕಾಗಿ ದುಂಡು. ಹಳೆಯ ಡ್ರಮ್ಮಿಗೆ ಅದನ್ನು ಹಾಕಹೋದರೆ ಒಂದು ಕಡೆ ಸಡಿಲ, ಇನ್ನೊಂದು ಕಡೆ ಇಳಿಯುವುದೇ ಇಲ್ಲ. ಅದುವರೆಗೆ ಯಾರಿಗೂ ತೊಂದರೆ ಕೊಡದ ಒಡಲು ಅಂದಿನಿಂದ 'ಕೆಟ್ಟದ್ದು' ಎನಿಸಿಕೊಂಡಿತು. ಉಪ್ಪುಕಾಗದ ಹಿಡಿದು ಸವೆಸಿದ ಒಡಲುಗಳಲ್ಲಿ ಎಷ್ಟೋ ಈ ಹೊಸ ಬಳೆಗಾಗಿ ಬಲಿಯಾದಂಥವು. ಬಳೆಗಾಗಿ ಒಡಲನ್ನು ಕೆತ್ತುವುದು ಚಪ್ಪಲಿಗಾಗಿ ಕಾಲನ್ನು ಕೆತ್ತಿದ ಹಾಗೆ ಎಂದೇ ನನ್ನ ಅಭಿಪ್ರಾಯ.

ನೀರಿನ ಲೆಕ್ಕ

ಒಡಲು ಸೊಟ್ಟಗಾಗುವುದೇಕೆ? 'ತೇವದಿಂದ' ಎಂದರೆ ಉತ್ತರ ಅರ್ಧ ಮಾತ್ರ.

ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ: ಕೋಶಗಳ ಪೊಳ್ಳಿನಲ್ಲಿ ಮತ್ತು ಕೋಶಗಳ ಗೋಡೆಯಲ್ಲಿ. ಮರ ಒಣಗುವಾಗ ಮೊದಲು ಪೊಳ್ಳಿನ ನೀರು ಹೋಗುತ್ತದೆ. ಮರದ ಅಳತೆಯಾಗಲೀ ಬಲವಾಗಲೀ ಆಗ ಬದಲಾಗುವುದಿಲ್ಲ. ಅದು ಮುಗಿದು ಗೋಡೆಯ ನೀರು ಹೊರಡಲು ತೊಡಗಿದಾಗ ಮರ ಕುಗ್ಗತೊಡಗುತ್ತದೆ, ಬಲ ಏರತೊಡಗುತ್ತದೆ. ಒಣಮರದ ತೂಕಕ್ಕೆ ಹೋಲಿಸಿದರೆ ನೀರು ಸುಮಾರು ಶೇ. 25ರಿಂದ 30 ಇರುವಾಗ ಈ ತಿರುವು ಬರುತ್ತದೆ. ಇದನ್ನು ಗುರುತಿಸಿ ನಾರಿನ ಸಂತೃಪ್ತಿ ಬಿಂದು ಎಂಬ ಅರ್ಥದ ಹೆಸರಿಟ್ಟವನು ಅಮೆರಿಕದ ಅರಣ್ಯ ಸೇವೆಯ ಹ್ಯಾರಿ ಟೀಮನ್, 1906ರಲ್ಲಿ. ನಾಲ್ಕು ವರ್ಷಗಳ ಬಳಿಕ ವಿಸ್ಕಾನ್ಸಿನ್‌ನ ಮ್ಯಾಡಿಸನ್ ನಗರದಲ್ಲಿ ಅಮೆರಿಕದ ಅರಣ್ಯೋತ್ಪನ್ನ ಪ್ರಯೋಗಾಲಯ ತೆರೆಯಿತು. ಮರದ ಬಗ್ಗೆ ಇಂದು ನಾವು ಬಳಸುವ ಅಂಕಿಗಳಲ್ಲಿ ಬಹಳಷ್ಟು ಅಲ್ಲಿಂದ ಬಂದವು.

ಆ ಅಂಕಿಗಳ ಪ್ರಕಾರ ಗಟ್ಟಿ ಮೇಪಲ್ ಹಸಿಯಿಂದ ಪೂರ್ತಿ ಒಣಗುವ ಹೊತ್ತಿಗೆ ವಾರ್ಷಿಕ ಉಂಗುರಗಳ ಸ್ಪರ್ಶಕದ ದಿಕ್ಕಿನಲ್ಲಿ ಶೇ. 9.9, ತ್ರಿಜ್ಯದ ದಿಕ್ಕಿನಲ್ಲಿ ಶೇ. 4.8 ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಮಾತ್ರ ಶೇ. 0.1ರಿಂದ 0.2. ಪರಿಧಿ ಶೇ. 10ರಷ್ಟು, ತ್ರಿಜ್ಯ ಶೇ. 5ರಷ್ಟು ಕುಗ್ಗಬೇಕೆಂದರೆ ಪರಿಧಿ = 2π × ತ್ರಿಜ್ಯ ಎಂಬ ಸಂಬಂಧ ಉಳಿಯುವುದು ಹೇಗೆ? ಉಳಿಯುವುದಿಲ್ಲ. ಅದಕ್ಕೇ ಇಡೀ ದಿಮ್ಮಿ ಒಣಗುವಾಗ ನಡುವಿನಿಂದ ಹೊರಕ್ಕೆ ಬಿರುಕು ಬಿಡುತ್ತದೆ. ಹಲಸಿನ ಕೊರಡನ್ನು ಕೊರೆದು ಮಾಡುವ ಮೃದಂಗದ ಒಡಲಿಗೆ ಇರುವ ಅಪಾಯ ಈ ಬಿರುಕು. ಅಲ್ಲಿ ಎಳೆ ಒಡಲಿನ ಉದ್ದಕ್ಕೆ ಹರಿದಿರುತ್ತದೆ, ಗೋಡೆ ದಪ್ಪ. ಬಾಗಿಸಿದ ಹಲಗೆಯ ಡ್ರಮ್ಮಿನ ಕಥೆಯೇ ಬೇರೆ, ಅಲ್ಲಿ ಎಳೆ ಹರಿಯುವುದು ಪರಿಧಿಯ ಗುಂಟ.

ಇದರ ಪರಿಣಾಮ ಸ್ವಾರಸ್ಯವಾಗಿದೆ, ಕಾಗದ ತೆಗೆದುಕೊಂಡು ಲೆಕ್ಕ ಮಾಡಿ. ಒಡಲಿನ ಹೊರಮೈ ಪರಿಧಿಗೂ ಒಳಮೈ ಪರಿಧಿಗೂ ಇರುವ ವ್ಯತ್ಯಾಸ ಎಂದರೆ ಬಾಗಿದ ಕೋನ ಗುಣಿಸು ದಪ್ಪ. ಎಳೆಯ ಉದ್ದಕ್ಕೆ ಮರ ಹಿಗ್ಗದ ಕಾರಣ ಎರಡು ಪರಿಧಿಗಳೂ ಸ್ಥಿರ. ದಪ್ಪ ಮಾತ್ರ ಹಿಗ್ಗುತ್ತದೆ. ಹಾಗಾದರೆ ಕೋನ ಕಡಿಮೆಯಾಗಲೇಬೇಕು. ಚಳಿಗಾಲದಲ್ಲಿ ಬೆಚ್ಚಗೆ ಕಾಯಿಸಿದ ಕೋಣೆಯಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 30 ಇದ್ದರೆ ಮರದ ತೇವ ಸುಮಾರು ಶೇ. 6ಕ್ಕೆ ನಿಲ್ಲುತ್ತದೆ, ಆರ್ದ್ರತೆ ಶೇ. 80 ಇದ್ದರೆ ಶೇ. 16ಕ್ಕೆ. ಈ ಹತ್ತರಷ್ಟು ಬದಲಾವಣೆಗೆ ಮೇಪಲ್ ಹಲಗೆ ತ್ರಿಜ್ಯದ ದಿಕ್ಕಿನಲ್ಲಿ ಶೇ. 1.6 ಹಿಗ್ಗುತ್ತದೆ. 360 ಡಿಗ್ರಿಯಲ್ಲಿ ಶೇ. 1.6 ಎಂದರೆ ಸುಮಾರು 6 ಡಿಗ್ರಿ. 40 ಸೆಂ.ಮೀ. ವ್ಯಾಸದ ಡ್ರಮ್ಮಿನಲ್ಲಿ ಅದು ಎರಡು ಸೆಂಟಿಮೀಟರ್. ಜೋಡಣೆಯನ್ನು ಅಂಟಿಸದೆ ಬಿಟ್ಟಿದ್ದರೆ ಮಳೆಗಾಲದಲ್ಲಿ ಡ್ರಮ್ಮು ಎರಡು ಸೆಂಟಿಮೀಟರ್ ಬಾಯಿ ತೆರೆದು, ಒಣಹವೆಯಲ್ಲಿ ಮತ್ತೆ ಮುಚ್ಚುತ್ತಿತ್ತು! ಅಂಟು, ಮೊಳೆಗಳು ಅದಕ್ಕೆ ಬಿಡುವುದಿಲ್ಲ. ಬಿಡದಿದ್ದಾಗ ಅದು ಮರದೊಳಗಿನ ಪೀಡನವಾಗಿ ಉಳಿಯುತ್ತದೆ. ಬಾಗಿಸುವಾಗ ಹಲಗೆಯ ತುದಿಗಳಿಗೆ ಬಾಗುವ ಬಲ ಸರಿಯಾಗಿ ಸಿಗುವುದಿಲ್ಲವಾದ್ದರಿಂದ ಜೋಡಣೆಯ ಹತ್ತಿರ ಒಡಲು ಮೊದಲಿನಿಂದಲೂ ತುಸು ಚಪ್ಪಟೆ. ಒಳಬಳೆಯ ಅಂಟು ಬಿಟ್ಟಿತೆಂದರೆ ಸಾಮಾನ್ಯವಾಗಿ ದುಂಡು ತಪ್ಪಲು ತೊಡಗುವುದು ಅಲ್ಲಿಂದಲೇ.

ಬಾಗಿದ್ದು ನಿಲ್ಲುವುದು ಹೇಗೆ?

ಬಿಸಿ ಹಬೆಯಲ್ಲಿ ಮರ ಬಾಗುತ್ತದೆ ಎಂಬುದು ದೋಣಿ ಕಟ್ಟುವವರಿಗೂ ಪೀಪಾಯಿ ಮಾಡುವವರಿಗೂ ಹಳೆಯ ಸಂಗತಿ. ಅದನ್ನು ಕಾರ್ಖಾನೆಯ ಕೆಲಸವಾಗಿ ಮಾಡಿದವನು ರೈನ್ ತೀರದ ಬೊಪ್ಪಾರ್ಡ್‌ನಲ್ಲಿ ಹುಟ್ಟಿ ವಿಯೆನ್ನಾದಲ್ಲಿ ನೆಲೆಸಿದ ಮಿಖಾಯೆಲ್ ಥೋನೆಟ್ (1796–1871). ಇಡಿಯ ಮರವನ್ನು ಹಬೆಯಿಂದ ಬಾಗಿಸುವ ವಿಧಾನಕ್ಕೆ 1856ರಲ್ಲಿ ಅವನಿಗೆ ಹಕ್ಕುಪತ್ರ ಸಿಕ್ಕಿತು. ಅವನ ಯುಕ್ತಿ ಒಂದು ಲೋಹದ ಪಟ್ಟಿ. ಬಾಗುವ ಕೋಲಿನ ಹೊರಮೈಗೆ ಅದನ್ನು ಬಿಗಿದರೆ ಹೊರಮೈ ಹಿಗ್ಗಲಾರದು. ಬಾಗು ಪೂರ್ತಿ ಒಳಮೈಯ ಸಂಕೋಚನದಿಂದಲೇ ಆಗಬೇಕು. ಹಬೆಯಾಡಿದ ಮರ ಎಳೆದರೆ ಶೇ. 1–2 ಹಿಗ್ಗುವಷ್ಟರಲ್ಲಿ ಹರಿಯುತ್ತದೆ, ಆದರೆ ಅಮುಕಿದರೆ ಒಳ್ಳೆಯ ಜಾತಿಯ ಮರ ಶೇ. 25ಕ್ಕೂ ಮೀರಿ ಕುಗ್ಗಿಕೊಳ್ಳುತ್ತದೆ. ಥೋನೆಟ್ ಕಾರ್ಖಾನೆಯ 14ನೇ ನಂಬರಿನ ಕುರ್ಚಿ (1859) ಲೋಕದ ತುಂಬ ಹರಡಿದ್ದು ಈ ಪಟ್ಟಿಯ ಬಲದಿಂದ.

ಹಬೆಯಲ್ಲಿ ಮೆತ್ತಗಾಗುವುದು ಏನು? ಸೆಲ್ಯುಲೋಸ್ ನಾರುಗಳನ್ನು ಹಿಡಿದಿಡುವ ಲಿಗ್ನಿನ್, ಹೆಮಿಸೆಲ್ಯುಲೋಸ್‌ಗಳು. ಕೆನಡಾದ ಡೇವಿಡ್ ಗೋರಿಂಗ್ 1963ರಲ್ಲಿ ಇವನ್ನು ಬೇರ್ಪಡಿಸಿ ಅಳೆದು ತೋರಿಸಿದ. ಒಣ ಲಿಗ್ನಿನ್ ಮೆತ್ತಗಾಗಲು ನೀರಿನ ಕುದಿಬಿಂದುವಿಗಿಂತ ಬಹಳ ಹೆಚ್ಚಿನ ತಾಪ ಬೇಕು. ನೀರು ಹೀರಿದ ಲಿಗ್ನಿನ್‌ಗೆ 100 ಡಿಗ್ರಿಯ ಆಸುಪಾಸು ಸಾಕು. ಹೆಮಿಸೆಲ್ಯುಲೋಸ್ ನೀರಿಗೆ ಇನ್ನೂ ಬೇಗ ಮಣಿಯುತ್ತದೆ. ಸೆಲ್ಯುಲೋಸ್ ಮಾತ್ರ ಜಗ್ಗುವುದಿಲ್ಲ. ಹಬೆಯ ಪೆಟ್ಟಿಗೆ ಕೆಲಸ ಮಾಡುವ ಗುಟ್ಟು ಇದು.

ಆದರೆ ಅಟ್ಟದ ಮೇಲಿನ ಡ್ರಮ್ಮಿಗೆ ಯಾರೂ ಹಬೆ ಕೊಟ್ಟಿರಲಿಲ್ಲವಲ್ಲ! ಅಲ್ಲಿನ ತಾಪದಲ್ಲಿ ಲಿಗ್ನಿನ್ ಕಲ್ಲಿನಂತೆ ಗಟ್ಟಿ. ಹಗ್ಗದ ಎಳೆತವೋ ಮೇಲಿಟ್ಟ ಪೆಟ್ಟಿಗೆಯ ಭಾರವೋ ಮರವನ್ನು ಮುರಿಯುವ ಬಲದ ಹತ್ತನೇ ಒಂದು ಪಾಲೂ ಇರಲಾರದು. ಆದರೂ ಒಡಲು ಜರುಗಿದೆ. ಇದಕ್ಕೆ ಉತ್ತರ ಸಿಕ್ಕಿದ್ದು ಆಸ್ಟ್ರೇಲಿಯಾದಲ್ಲಿ. 1960ರಲ್ಲಿ ಆರ್ಮ್‌ಸ್ಟ್ರಾಂಗ್ ಮತ್ತು ಕಿಂಗ್‌ಸ್ಟನ್ 'ನೇಚರ್' ಪತ್ರಿಕೆಯಲ್ಲಿ ಎರಡು ಪುಟಗಳ ಟಿಪ್ಪಣಿ ಬರೆದರು. ಭಾರ ಹೊತ್ತ ಮರದ ತೊಲೆ ಸದಾ ಒಣಗಿದ್ದರೆ ಬಾಗು ಸ್ವಲ್ಪ. ಸದಾ ಒದ್ದೆಯಿದ್ದರೆ ಅದಕ್ಕಿಂತ ತುಸು ಹೆಚ್ಚು. ಭಾರ ಹೊತ್ತಿರುವಾಗಲೇ ಒದ್ದೆಯಿಂದ ಒಣಗಿದರೆ ಮಾತ್ರ ಬಾಗು ಇವೆರಡನ್ನೂ ಬಹಳಷ್ಟು ಮೀರುತ್ತದೆ. ಬಾಗನ್ನು ಬೆಳೆಸುವುದು ತೇವ ಇರುವುದಕ್ಕಿಂತ ಮುಖ್ಯವಾಗಿ ತೇವ ಬದಲಾಗುವುದು. 1964ರಲ್ಲಿ ಇಂಗ್ಲೆಂಡಿನ ಹರ್ಮನ್ ಮತ್ತು ಪೇಟನ್ ಬೀಚ್ ಮರದ ಪುಟ್ಟ ತೊಲೆಗಳ ಮೇಲೆ ಭಾರವಿಟ್ಟು ಒದ್ದೆ–ಒಣ ಚಕ್ರಗಳನ್ನು ಮತ್ತೆ ಮತ್ತೆ ನಡೆಸಿದಾಗ ಬಾಗು ಆರಂಭದ್ದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚಾಯಿತು. ಇನ್ನೊಂದು ವಿಚಿತ್ರವೂ ಕಂಡಿತು. ಮೊದಲ ಚಕ್ರದ ನಂತರ, ಒದ್ದೆಯಾಗುವಾಗ ಬಾಗು ತುಸು ಹಿಂದೆ ಸರಿಯುತ್ತದೆ. ಒಣಗುವಾಗ ಮುಂದೆ ನುಗ್ಗುತ್ತದೆ. ಕೋಶಗೋಡೆಯ ಅಣುಗಳ ನಡುವಿನ ಹೈಡ್ರೊಜನ್ ಬಂಧಗಳು ನೀರು ಬಂದು ಹೋಗುವಾಗ ಕಡಿದು, ಭಾರ ಒತ್ತಿದ ಹೊಸ ಜಾಗದಲ್ಲಿ ಮತ್ತೆ ಕಟ್ಟಿಕೊಳ್ಳುತ್ತವೆ ಎಂದು ವಿವರಿಸುತ್ತಾರೆ. ವಿವರಗಳ ಬಗ್ಗೆ ವಾದವಿದ್ದರೂ ವಿದ್ಯಮಾನ ನಿಸ್ಸಂದೇಹ.

ಈಗ ಡ್ರಮ್ಮಿಗೆ ಹಿಂತಿರುಗಿ. ಎಳೆದ ಹಗ್ಗ, ಅಂಟು ಬಿಟ್ಟ ಬಳೆ, ಮೇಲೆ ಯಾವುದೋ ಭಾರ. ಜೊತೆಗೆ ನೂರೈವತ್ತು ಬೇಸಿಗೆ, ನೂರೈವತ್ತು ಚಳಿಗಾಲ. ಆರ್ಮ್‌ಸ್ಟ್ರಾಂಗರ ಪ್ರಯೋಗ ಅಲ್ಲಿ ತಾನಾಗಿ ನಡೆದಿದೆ.

ಹಿಂದಕ್ಕೆ ಕರೆತರುವುದು

ರಿಪೇರಿಯೂ ಇದೇ ಪ್ರಯೋಗ, ಭಾರದ ದಿಕ್ಕನ್ನು ಮಾತ್ರ ತಿರುಗಿಸಬೇಕು. ಹಗ್ಗ, ಬಳೆ, ಚರ್ಮಗಳನ್ನು ತೆಗೆದು, ಒಡಲಿನ ಹೊರಮೈ ಪರಿಧಿಯನ್ನು ಟೇಪಿನಿಂದ ಅಳೆಯಬೇಕು. ಎಳೆಯ ಉದ್ದಕ್ಕೆ ಮರ ಬದಲಾಗುವುದಿಲ್ಲ ಎಂಬುದು ಇಲ್ಲಿ ಉಪಕಾರಕ್ಕೆ ಬರುತ್ತದೆ. ಸೊಟ್ಟಗಾದರೂ ಪರಿಧಿ ಹಳೆಯದೇ, ಜೋಡಣೆ ಜಾರಿಲ್ಲವಾದರೆ. 1257 ಮಿ.ಮೀ. ಬಂದರೆ 3.1416ರಿಂದ ಭಾಗಿಸಿ: ಹುಟ್ಟಿದಾಗಿನ ವ್ಯಾಸ 400 ಮಿ.ಮೀ. ತಯಾರಕನ ಅಳತೆ ಮರದಲ್ಲೇ ಬರೆದಿದೆ. ಗೋಡೆಯ ದಪ್ಪದ ಎರಡರಷ್ಟನ್ನು ಇದರಲ್ಲಿ ಕಳೆದರೆ ಒಳಗೆ ಕೂರಿಸಬೇಕಾದ ಅಚ್ಚಿನ ವ್ಯಾಸ. ದಪ್ಪ ಪ್ಲೈವುಡ್ಡಿನಲ್ಲಿ ಎರಡು ಅರ್ಧವೃತ್ತ ಕತ್ತರಿಸಿ ನಡುವೆ ತಿರುಪು ಇಟ್ಟರೆ ಅಚ್ಚು ಸಿದ್ಧ. ತಿರುಪು ತಿರುಗಿಸಿದಂತೆ ಅರ್ಧಗಳು ದೂರ ಸರಿದು ಗಿಡ್ಡ ಅಕ್ಷವನ್ನು ಹೊರಕ್ಕೆ ತಳ್ಳುತ್ತವೆ.

ಒಡಲನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ಮರಕ್ಕೆ ತಗುಲದಂತೆ ಒದ್ದೆ ಬಟ್ಟೆಗಳನ್ನಿಟ್ಟು, ಆರ್ದ್ರತೆ ಶೇ. 75ರ ಸುತ್ತ ಇರುವಂತೆ ನೋಡಿಕೊಳ್ಳಬೇಕು. ಅದಕ್ಕಿಂತ ಬಹಳ ಮೇಲೆ ಹೋದರೆ ಬೂಷ್ಟು. ತಿರುಪನ್ನು ದಿನಕ್ಕೆ ಒಂದೆರಡು ಮಿಲಿಮೀಟರ್ ಮಾತ್ರ. ಮರ ಕಿರುಗುಟ್ಟಿದರೆ ಅಂದಿಗೆ ಕೆಲಸ ನಿಲ್ಲಿಸಿ. ದುಂಡಿಗೆ ಬಂದ ಮೇಲೆ ನಿಜವಾದ ಕೆಲಸ ಶುರು: ಅಚ್ಚನ್ನು ತೆಗೆಯದೆ ಪೆಟ್ಟಿಗೆಯ ಆರ್ದ್ರತೆಯನ್ನು ವಾರಗಟ್ಟಲೆ ನಿಧಾನ ಇಳಿಸಬೇಕು. ಆಕಾರ ಭದ್ರವಾಗುವುದು ಒಣಗುವಾಗ, ನೆನಪಿದೆಯಲ್ಲ? ದುಂಡಾಯಿತೆಂದು ಮರುದಿನವೇ ಅಚ್ಚು ತೆಗೆದರೆ ತಿಂಗಳೊಳಗೆ ಸೊಟ್ಟು ವಾಪಸು. ಕೊನೆಗೆ ಒಳಬಳೆಗಳನ್ನು ಮತ್ತೆ ಅಂಟಿಸಬೇಕು, ಬಳೆಯ ಜೋಡಣೆ ಒಡಲಿನ ಜೋಡಣೆಗೆ ಎದುರು ಬದಿಗೆ ಬರುವಂತೆ. ಅಂಟು ಸರೇಸೇ ಇರಲಿ. ಬಿಸಿ ತೇವಕ್ಕೆ ಅದು ಬಿಡುತ್ತದೆ, ಮುಂದೆ ರಿಪೇರಿ ಮಾಡುವವನಿಗೆ ದಾರಿ ಮುಚ್ಚುವುದಿಲ್ಲ. ಇಷ್ಟೆಲ್ಲ ಆದ ಮೇಲೂ ಅಂಚಿನಡಿ ಬೆಳಕು ಸೋರಿದರೆ ಮಾತ್ರ, ಗಾಜಿಗೆ ಉಪ್ಪುಕಾಗದ ಅಂಟಿಸಿ ಒಂದಿಷ್ಟು ಉಜ್ಜಬಹುದು.

ಹಬೆ ಏಕೆ ಬೇಡ ಎಂದು ನೀವು ಕೇಳಬಹುದು. ಹಬೆಗೆ ಮರ ಬೇಗ ಮಣಿಯುತ್ತದೆ, ನಿಜ. ಜೊತೆಗೆ ಜೋಡಣೆಯ ಸರೇಸು ಬಿಡುತ್ತದೆ, ಬಣ್ಣದ ಹದ್ದಿನ ಲಾಂಛನ ಏಳುತ್ತದೆ, ಒಳಗಿನ ಚೀಟಿಯ ಶಾಯಿ ಕದಡುತ್ತದೆ. ಪ್ಲೈವುಡ್ಡಿನ ಒಡಲಿಗಂತೂ ಹಬೆ ತೋರಿಸಲೇಬಾರದು, ಪದರಗಳು ಬಿಚ್ಚಿಕೊಂಡಾವು. ಪದರಗಳ ಎಳೆ ಒಂದಕ್ಕೊಂದು ಅಡ್ಡವಾಗಿರುವುದರಿಂದ ಪ್ಲೈವುಡ್ಡು ತೇವಕ್ಕೆ ಸುಲಭವಾಗಿ ಜಗ್ಗುವುದಿಲ್ಲ. ಹಾಗೆಯೇ ಒಮ್ಮೆ ಸೊಟ್ಟಗಾದರೆ ಸುಲಭವಾಗಿ ಮರಳುವುದೂ ಇಲ್ಲ. ಅದಕ್ಕೆ ಗಟ್ಟಿ ಒಳಬಳೆ ಕೂರಿಸಿ ಹಿಡಿದಿಡುವುದೊಂದೇ ಉಪಾಯ. ಇನ್ನು ಬಣ್ಣ, ಬರಹ ಚೆನ್ನಾಗಿ ಉಳಿದಿರುವ ಹಳೆಯ ಡ್ರಮ್ಮಾದರೆ ಸೊಟ್ಟಾಗಿಯೇ ಬಿಟ್ಟು, ಅದರ ಅಳತೆಗೆ ಬಳೆ ಬಾಗಿಸಿ ಚರ್ಮ ಹಾಕಿಸುವುದು ಮೇಲು. ವಿಸ್ಪಂದ ಕೇಳುವುದಕ್ಕಾದರೂ ಅಂಥದ್ದೊಂದು ಇರಲಿ.

ಆರ್ಮ್‌ಸ್ಟ್ರಾಂಗರ ಪರಿಣಾಮವನ್ನು ತರಗತಿಯಲ್ಲಿ ತೋರಿಸಲು ಐಸ್‌ಕ್ರೀಮ್ ಕಡ್ಡಿಗಳು ಸಾಕು. ಒಂದೇ ಬಗೆಯ ಮೂರು ಕಡ್ಡಿಗಳನ್ನು ಎರಡು ಆಧಾರಗಳ ನಡುವೆ ಸೇತುವೆಯಂತಿಟ್ಟು ಪ್ರತಿಯೊಂದರ ನಡುವಿಗೆ ಒಂದೇ ತೂಕ ನೇತುಹಾಕಿ. ಕಡ್ಡಿ ಮುರಿಯುವ ತೂಕವನ್ನು ಮೊದಲೇ ಬೇರೊಂದರಲ್ಲಿ ನೋಡಿಕೊಂಡು ಅದರ ಕಾಲು ಭಾಗ ಬಳಸಿ. ಒಂದು ಕಡ್ಡಿ ಸದಾ ಒಣಗಿರಲಿ. ಎರಡನೆಯದನ್ನು ಒದ್ದೆ ಹತ್ತಿ ಸುತ್ತಿ ಸದಾ ತೇವವಾಗಿಡಿ. ಮೂರನೆಯದನ್ನು ಭಾರ ತೆಗೆಯದೆ ದಿನ ಬಿಟ್ಟು ದಿನ ಒದ್ದೆ ಮಾಡಿ ಒಣಗಲು ಬಿಡಿ. ಹಿಂದೆ ಗ್ರಾಫ್ ಹಾಳೆ ನಿಲ್ಲಿಸಿ ಬಾಗನ್ನು ಪ್ರತಿದಿನ ಒಂದೇ ಹೊತ್ತಿಗೆ ಗುರುತಿಸುತ್ತಾ ಹೋಗಿ, ಎರಡು ವಾರ. ಮೂರನೆಯ ಕಡ್ಡಿಯ ಗೆರೆಯನ್ನು ಒದ್ದೆಯಾದ ದಿನ ಒಂದು ಬಣ್ಣದಲ್ಲಿ, ಒಣಗಿದ ದಿನ ಇನ್ನೊಂದು ಬಣ್ಣದಲ್ಲಿ ಎಳೆಯುವಂತೆ ಮಕ್ಕಳಿಗೆ ಹೇಳಿ.